ಅಟ್ಟದಲ್ಲಿರುವುದರ ಹೆಸರು

ಬಾಗಿಲ ಬಳಿ ಬಿಸಿಲು ಬೀಳುವ ಜಾಗದಲ್ಲಿ ಹಳೆಯ ಪೇಪರು ಹಾಸಿಕೊಂಡು ಮೇಘಶ್ರೀ ಗಂಡನ ಬಲಗೈಯ ಉಗುರು ತೆಗೆಯುತ್ತಿದ್ದಳು. ಆ ಕೈ ಇಟ್ಟಲ್ಲೇ ಇರುತ್ತಿತ್ತು. ಮುದುರಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚಾಚಿ ಹಿಡಿದು, ಚರ್ಮಕ್ಕೆ ತಾಗದ ಹಾಗೆ ಕಟರ್ ಒತ್ತುತ್ತಿದ್ದಳು. ಕುಮಾರಸ್ವಾಮಿ ಗೋಡೆಗೆ ಒರಗಿ ಕೂತು, ಬೇರೆ ಯಾರದೋ ಕೈ ಎನ್ನುವಂತೆ ಅದನ್ನು ನೋಡುತ್ತಿದ್ದ. ಒಳಗೆ ಅತ್ತೆ ದ್ರಾಕ್ಷಾಯಣಮ್ಮ ಅವರೆಕಾಯಿ ಸುಲಿದು ಪಾತ್ರೆಗೆ ಹಾಕುತ್ತಿದ್ದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮಾತಿಲ್ಲದೆ ಮಾಡುವ ಕೆಲಸಗಳೇ ಮೇಘಶ್ರೀಗೆ ಈಗ ಹಿತವಾಗಿದ್ದವು. ಅವಳು ಮೊದಲಿನಿಂದಲೂ ಮಾತು ಕಡಿಮೆಯವಳು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದಳು. ನಾಲ್ಕು ಜನ ಕೂತ ಕಡೆ ಬಾಗಿಲ ಮರೆಯಲ್ಲಿ ನಿಂತು ಎಲ್ಲರ ಮುಖ ನೋಡುವುದು ಅವಳ ಅಭ್ಯಾಸ. ಮನೆಯಲ್ಲಿ ಮಾತಾಡುತ್ತಿದ್ದವನು ಅವನು. ಊಟಕ್ಕೆ ಕೂತರೆ ಆಫೀಸಿನ ಕತೆ ಶುರುವಾಗುತ್ತಿತ್ತು. ಕಂಪ್ಯೂಟರಿನ ಒಳಗೆ ಯಾವುದು ಯಾವುದಕ್ಕೆ ಗಂಟು ಬಿದ್ದಿದೆ, ಅದನ್ನು ತಾನು ಹೇಗೆ ಬಿಡಿಸಿದೆ ಎಂದು ತುತ್ತು ಕೈಯಲ್ಲೇ ಹಿಡಿದು ಹೇಳುತ್ತಿದ್ದ. ಅವಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು, ಸಾರು ಆರಿ ಹೋಗುತ್ತಿತ್ತು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದ. ಲಕ್ವ. ಹಾಸನದ ಆಸ್ಪತ್ರೆಯಿಂದ ವಾಪಸು ಕರೆತಂದಾಗ ಬಲಗಾಲು ಎಳೆದು ನಡೆಯುವಷ್ಟು ಬಂದಿತ್ತು, ಕೈ ಅರ್ಧ ಬಂದಿತ್ತು. ಬಾರದೆ ಉಳಿದದ್ದು ಹೆಸರುಗಳು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಪೇಪರು ಓದಿ ನಗುತ್ತಲೂ ಇದ್ದ. ಒಂದರಿಂದ ನೂರರವರೆಗೆ ತಡೆಯದೆ ಎಣಿಸುತ್ತಿದ್ದ. ಪೂಜೆಗೆ ಕೂತರೆ ಮಂತ್ರದಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ. ಕೈಯಲ್ಲಿ ಲೋಟ ಕೊಟ್ಟು ಇದೇನು ಎಂದರೆ ಮಾತ್ರ ಬಾಯಿ ತೆರೆದು, ಹುಡುಕಿ ಹುಡುಕಿ, ಕಡೆಗೆ "ಅದು" ಎನ್ನುತ್ತಿದ್ದ. ಲೋಟವೂ ಅದು, ಚಪ್ಪಲಿಯೂ ಅದು, ಅಮ್ಮನೂ ಅದು. ಹೆಂಡತಿಯನ್ನು ಹಾಗೆ ಕರೆಯಲು ಮನಸ್ಸು ಬಾರದೆ ಅವನು ಅವಳನ್ನು ಕರೆಯುವುದನ್ನೇ ಬಿಟ್ಟಿದ್ದ. ಬೇಕಾದಾಗ ಸಣ್ಣಗೆ ಕೆಮ್ಮುತ್ತಿದ್ದ. ಅವಳು ಬರುತ್ತಿದ್ದಳು.

"ಶಿವನ ಹೆಸರು ಬತ್ತದಲ್ಲ, ಬುಡು, ಅಷ್ಟಾದ್ರೂ ಉಳೀತು," ಎಂದು ಅತ್ತೆ ಸಮಾಧಾನ ಮಾಡಿಕೊಂಡಿದ್ದರು. ಮೇಘಶ್ರೀ ಮಾಡಿಕೊಂಡಿರಲಿಲ್ಲ. ಮಾತು ಕಲಿಸುವ ಮೇಡಂ ಹಾಸನದಲ್ಲಿ ಒಂದು ಮಾತು ಹೇಳಿದ್ದರು. ಅವರಿಗೆ ಪರಿಚಯದ ಕೆಲಸ ಇದ್ದರೆ ಅದರ ಮುಂದೆ ಕೂರಿಸಿ, ಕೈಗೆ ನೆನಪಿರೋದು ಬಾಯಿಗೂ ಬಂದರೆ ಬರಬಹುದು ಎಂದು. ಅವಳು ಆ ಮಾತನ್ನು ಹಿಡಿದುಕೊಂಡಿದ್ದಳು. ಆಫೀಸಿನಲ್ಲಿ ಕಿಟಕಿ ಪಕ್ಕ ಅವನ ಕುರ್ಚಿ ಇನ್ನೂ ಖಾಲಿ ಇತ್ತು. ಅವನು ಹೋಗಿ ಅದರಲ್ಲಿ ಕೂರಬೇಕು. ಬೇರೆ ಏನನ್ನೂ ಅವಳು ದೇವರಲ್ಲಿ ಕೇಳುತ್ತಿರಲಿಲ್ಲ.

ಕಿರುಬೆರಳಿನ ಉಗುರು ತೆಗೆಯುವಷ್ಟರಲ್ಲಿ ಗೇಟಿನ ಹೊರಗೆ ಬೈಕು ನಿಂತಿತು. ಹೇಮಂತ್. ಆಫೀಸು ಶುರು ಮಾಡಿದವನು ಕುಮಾರಸ್ವಾಮಿಯಾದರೂ ಮೊದಲಿನಿಂದ ಜೊತೆಗಿದ್ದವನು ಅವನು. ಜಾವಗಲ್ ಕಡೆಯ ರೈತರ ಮನೆಯವನು, ಕುಮಾರಸ್ವಾಮಿಯಿಂದಲೇ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತವನು. ಅರಸೀಕೆರೆಯಲ್ಲಿ ಬಿ.ಎಚ್. ರಸ್ತೆಯ ಟೈರ್ ಅಂಗಡಿಯ ಮಹಡಿಯ ಮೇಲೆ ಎರಡು ರೂಮಿನ ಆಫೀಸು ಅವರದು. ಬೆಳೆಗಾರರ ಸಂಘವೊಂದರ ಉಗ್ರಾಣಗಳಿಗೆ ಅವರು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದರು. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರುಗಳ ಉಗ್ರಾಣಗಳಲ್ಲಿ ಯಾವ ರೈತನದು ಏನಿದೆ, ಎಷ್ಟು ದಿನದಿಂದ ಇದೆ ಎಂಬುದೆಲ್ಲ ಅದರಲ್ಲಿತ್ತು.

"ಏನಪ್ಪಾ ಹೇಮಂತ, ದಾರಿ ತಪ್ಪಿ ಬಂದ್ಯೋ, ಮದ್ವೆಗೆ ಕರಿಯಕ್ಕೆ ಬಂದ್ಯೋ?" ಅತ್ತೆ ಒಳಗಿನಿಂದಲೇ ಕೂಗಿದರು.

"ಹೆಣ್ ಕೊಡೋರು ಬೇಕಲ್ಲಮ್ಮಾ. ತೋಟದಲ್ಲಿರೋನಿಗೂ ಕೊಡಲ್ವಂತೆ, ಅರಸೀಕೆರೇಲಿ ಕಂಪ್ಯೂಟರ್ ಕುಟ್ಟೋನಿಗೂ ಕೊಡಲ್ವಂತೆ."

"ಇನ್ನೆಲ್ಲಿರೋನಿಗೆ ಕೊಡ್ತಾರಂತೆ?"

"ಎಲ್ಲೂ ಇಲ್ದೋನಿಗೆ," ಎಂದು ಹೇಮಂತ್ ಶೂ ಬಿಚ್ಚಿದ. ಕುಮಾರಸ್ವಾಮಿ ಗಟ್ಟಿಯಾಗಿ ನಕ್ಕ. ಮೇಘಶ್ರೀ ಉಗುರಿನ ಪೇಪರು ಮಡಿಚುತ್ತಾ ಹೇಮಂತನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದ ಬಾಯಿಗೂ ಕಣ್ಣಿಗೂ ಹೊಂದಿಕೆ ಇರಲಿಲ್ಲ. ನಿದ್ದೆಗೆಟ್ಟ ಮುಖ.

ಕಾಫಿ ಕುಡಿಯುತ್ತಾ ವಿಷಯ ಹೇಳಿದ. ಜಾವಾವನ್ನೂ ಲೆಕ್ಕವೆಲ್ಲ ತುಂಬಿಟ್ಟ ಡೇಟಾಬೇಸನ್ನೂ ಜೋಡಿಸುವ, ಲೈಬ್ರರಿ ಎನ್ನುವ ಸಿದ್ಧ ಕೋಡ್ ಒಂದಿದೆ. ಹಳೆಯದರಲ್ಲಿ ಹೊರಗಿನವರು ನುಗ್ಗುವ ಕಳ್ಳದಾರಿ ಇದೆ, ಹೊಸದು ಹಾಕಲೇಬೇಕು ಎಂದು ಸರ್ವರಿನವರು ತಿಂಗಳುಗಟ್ಟಲೆ ಹೇಳುತ್ತಿದ್ದರು. ಹಾಕಿದ. ಅವತ್ತಿನಿಂದ ನಾಲ್ಕು ಉಗ್ರಾಣದಲ್ಲೂ ಯಾರ ಸರಕೂ ತೆರೆಯ ಮೇಲೆ ಬರುತ್ತಿಲ್ಲ. ಜಾವಾ ಕೂಡ ಹೊಸದಾಗಿದೆ, ಹಿಂದಕ್ಕೆ ಹೋಗುವ ಹಾಗಿಲ್ಲ.

"ಅತ್ತಿಗೆ, ನಿಮಗೆ ಹೆಂಗೆ ಹೇಳ್ಲಿ... ಅಣ್ಣ ಕಾಯಿಗೊಂದು, ರಾಗಿಗೊಂದು, ಭತ್ತಕ್ಕೊಂದು, ಮೆಣಸಿಗೊಂದು ಅಂತ ಬೇರೆ ಬೇರೆ ಬರ್ದಿಲ್ಲ. ಎಲ್ಲಕ್ಕೂ ಸೇರಿ ಒಂದೇ ಒಂದು ಬರೆದು, ಅದಕ್ಕೆ ಅಟ್ಟ ಅಂತ ಹೆಸರಿಟ್ಟವ್ರೆ. ಅಟ್ಟದೊಳಗೆ ಏನೈತೆ ಅನ್ನೋ ಕಡೆ ಜಾಗ ಖಾಲಿ. ಬರೀ ಟಿ ಅಂತ ಒಂದಕ್ಷರ. ಏನು ಬೇಕಾದ್ರೂ ಇರ್ಬೋದು ಅಂತ. ಜೆನೆರಿಕ್ ಅಂತಾರೆ ಇದನ್ನ. ತಪ್ಪೇನಲ್ಲ, ಚೆಂದಾನೇ. ಹಳೇ ಲೈಬ್ರರಿ ತಾನೇ ಒಳಗೆ ಕೈ ಹಾಕಿ ನೋಡಿ ತಿಳ್ಕತಿತ್ತು. ಹೊಸದು ಬಾಗಿಲಲ್ಲೇ ನಿಂತ್ಕಂಡು ಕೇಳ್ತದೆ, ಒಳಗಿರೋದು ಏನು ಹೇಳು, ಹೇಳಿದ್ರೆ ತೆಗೀತೀನಿ ಅಂತ."

"ಹೇಳಿದ್ರೆ ಆಯ್ತಲ್ಲ?" ಎಂದಳು ಮೇಘಶ್ರೀ, ಲೋಟ ನೋಡುತ್ತಾ.

"ಹೇಳಿದೆ ಅತ್ತಿಗೆ. ಕಾಯಿ ಅಂತ ಹೇಳಿದ್ರೆ ಕಾಯಿ ಬತ್ತದೆ, ಆಮೇಲೆ ರಾಗಿ ಮೂಟೇನೂ ಕಾಯಿ ಅಂದ್ಕಂಡು ಎತ್ತಕ್ಕೋಗಿ ದಬಾರ್ ಅಂತ ಬೀಳ್ತದೆ. ಒಂದು ಕಡೆ ಕಟ್ಟಿದ್ರೆ ಇನ್ನೊಂದು ಕಡೆ ಬಿಚ್ಕತದೆ. ಅಣ್ಣನಿಗೆ ಗೊತ್ತಿರತ್ತೆ. ಒಂದೇ ಒಂದು ಸಾಲು ಎಲ್ಲೋ ಸೇರಿಸಿದ್ರೆ ಸಾಕು ಅಂತ ನನಗನ್ನಿಸ್ತದೆ. ಅದೆಲ್ಲಿ ಅಂತ ಗೊತ್ತಾಗ್ತಿಲ್ಲ."

ಆಮೇಲೆ ದನಿ ತಗ್ಗಿಸಿ ಹೇಳಿದ. "ಸಂಘದೋರು ಹೊಸಬ್ರನ್ನ ತಗಳ್ರಿ ಅಂತವ್ರೆ. ಎರಡೇ ರೂಮು. ಅಣ್ಣನ ಕುರ್ಚಿ ನಾನು ಇದುವರ್ಗೂ ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ. ಇದೊಂದು ಅಣ್ಣನ ಕೈಲಿ ಆಯ್ತು ಅಂದ್ರೆ, ನೋಡ್ರಿ ನಮ್ಮ ಮನುಷ್ಯ ಬಂದ ಅಂತ ಎದೆ ತಟ್ಟಿ ಹೇಳ್ಬೋದು."

ಮೇಘಶ್ರೀ ಎದ್ದು ಹೋಗಿ ಅಲಮಾರಿಯಿಂದ ಗಂಡನ ಲ್ಯಾಪ್‌ಟಾಪ್ ತಂದಳು. ಶ್ರಾವಣದಿಂದ ಅದರ ಮೇಲೆ ಧೂಳು ಕೂರದ ಹಾಗೆ ವಾರ ವಾರ ಒರೆಸುತ್ತಿದ್ದಳು, ತೆರೆದಿರಲಿಲ್ಲ. ಹೇಮಂತ್ ಅದನ್ನು ಚಾಪೆಯ ಮೇಲಿಟ್ಟು ಕೋಡ್ ತೆಗೆದ.

ಕುಮಾರಸ್ವಾಮಿ ಮುಂದಕ್ಕೆ ಬಾಗಿದ. ಅವನ ಮುಖ ಬದಲಾದದ್ದನ್ನು ಅವಳು ಕಂಡಳು. ಎಷ್ಟೋ ದಿನ ಬೀಗ ಹಾಕಿದ್ದ ಮನೆಗೆ ಬಂದವನು ಒಳಗೆ ಒಮ್ಮೆ ಕಣ್ಣಾಡಿಸುತ್ತಾನಲ್ಲ, ಹಾಗೆ ನೋಡಿದ. ಎಡಗೈಯಿಂದ ಕೆಳಕ್ಕೆ ಸರಿಸಿದ, ಮೇಲಕ್ಕೆ ಸರಿಸಿದ. ಒಂದು ಕಡೆ ಏನನ್ನೋ ಓದಿ ಮೂಗಿನಲ್ಲಿ ನಕ್ಕ. ಆಮೇಲೆ ತೋರುಬೆರಳು ನೇರವಾಗಿ ಒಂದು ಅಕ್ಷರದ ಮೇಲೆ ನಿಂತಿತು.

"ಅಲ್ಲೇ ಅಣ್ಣ!" ಹೇಮಂತ್ ಕೂಗಿದ. "ಅಲ್ಲೇ ಕಣಣ್ಣ ತೊಂದ್ರೆ! ಈಗ ಅಲ್ಲೇನು ಹಾಕ್ಬೇಕು?"

"ಅದು," ಎಂದ ಕುಮಾರಸ್ವಾಮಿ.

"ಕಾಯಾ?"

ಅಲ್ಲವೆಂದು ತಲೆಯಾಡಿಸಿದ.

"ಕೊಬ್ಬರಿನಾ?"

ಜೋರಾಗಿ ತಲೆಯಾಡಿಸಿದ. ಸಿಟ್ಟು ಬಂದವನಂತೆ ಮತ್ತೆ ಅದೇ ಅಕ್ಷರವನ್ನು ಬೆರಳಿನಿಂದ ಕುಟ್ಟಿದ. "ಅದು. ಅದು."

ಅವರೆಕಾಯಿ ಪಾತ್ರೆ ಹಿಡಿದು ಬಾಗಿಲಿಗೆ ಬಂದಿದ್ದ ದ್ರಾಕ್ಷಾಯಣಮ್ಮ, "ಏನ್ ಕೇಳ್ತಿದೀಯಾ ನೀನು, ಅಟ್ಟದಲ್ಲಿರೋದರ ಹೆಸರಾ? ಅವ್ನು ಹೇಳ್ತಾನಾ? ಹೇಳ್ಬಾರ್ದು ಕಣಪ್ಪಾ," ಎಂದರು.

ಅದು ಅವರ ಊರಾದ ಕಣಕಟ್ಟೆಯ ಮನೆಯ ಕ್ರಮ. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಆರಿ ಕೊಬ್ಬರಿಯಾಗಲು ವರ್ಷವೇ ಬೇಕು. ಆ ವರ್ಷವೆಲ್ಲ ಅದನ್ನು ಕಾಯಿ ಎನ್ನುವಂತಿಲ್ಲ, ಕೊಬ್ಬರಿ ಎನ್ನುವಂತೆಯೂ ಇಲ್ಲ. ಎಷ್ಟು ಕೊಳೆತಿದೆಯೋ, ಎಷ್ಟು ಇಲಿ ತಿಂದಿದೆಯೋ. ಕೈಗೆ ಬರದುದಕ್ಕೆ ಹೆಸರಿಟ್ಟರೆ ಅದು ದಕ್ಕುವುದಿಲ್ಲ. ಇಳಿಸಿ, ಸುಲಿದು, ಮೊದಲನೆಯದನ್ನು ದೇವರ ಮುಂದೆ ಇಟ್ಟ ಮೇಲೆ ಕೊಬ್ಬರಿ. ಅಲ್ಲಿಯವರೆಗೆ ಬರೀ "ಮೇಲಿರೋದು". ಮದುವೆಯಾದ ಹೊಸದರಲ್ಲಿ ಮೇಘಶ್ರೀ ತಿಳಿಯದೆ, ಮೇಲೆ ಕೊಬ್ಬರಿ ಎಷ್ಟಿದೆ ಅತ್ತೆ ಎಂದು ಕೇಳಿ ಬೈಸಿಕೊಂಡಿದ್ದಳು. ಆಗ ಇವನೇ ಅಡುಗೆಮನೆಗೆ ಬಂದು ನಗುತ್ತಾ ಹೇಳಿಕೊಟ್ಟಿದ್ದ.

ಹೇಮಂತ್ ಹಣೆ ಬಡಿದುಕೊಂಡ. "ಅಯ್ಯೋ ಶಿವನೇ! ಅದಕ್ಕಾ ಅಣ್ಣ ಹೆಸರಿಡದೆ ಬಿಟ್ಟಿದ್ದು? ಕಣಕಟ್ಟೆ ಶಾಸ್ತ್ರ ತಂದು ಜಾವಾದೊಳಗೆ ಇಟ್ಬಿಟ್ಟವ್ರಲ್ಲಮ್ಮಾ!"

ಕುಮಾರಸ್ವಾಮಿ ನಕ್ಕ. ಅತ್ತೆ ನಕ್ಕರು. ಮೇಘಶ್ರೀ ಮಾತ್ರ ನಗಲಿಲ್ಲ. ಅವನು ತಲೆಯಾಡಿಸಿದ್ದು ಹೇಳಲು ಬಾರದೆ ಅಲ್ಲ, ಹೇಳಬಾರದೆಂದು. ಬೆರಳು ಸರಿಯಾದ ಜಾಗದಲ್ಲೇ ನಿಂತಿತಲ್ಲ? ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ ಎಂದನಲ್ಲ? ಮನೆಯ ಕ್ರಮ ನೆನಪಿರುವವನಿಗೆ ಮಾತು ನೆನಪಿರದೆ ಇರುತ್ತದೆಯೇ?

"ಸಂಘದ ಕರಿಬಸವಯ್ಯನೋರು ನಾಳೆ ಹಳೇಬೀಡಿಗೆ ಅಣ್ಣನ್ನೇ ಕರ್ಕಂಡು ಬಾ ಅಂತವ್ರೆ," ಎಂದ ಹೇಮಂತ್. "ಆದ್ರೆ ಇಂಥಾ ಹೊತ್ನಲ್ಲಿ... ಬೇಡ ಅನ್ನಿಸ್ತದೆ ಅತ್ತಿಗೆ. ನಾಲ್ಕು ಜನದ ಮುಂದೆ."

"ಕರ್ಕೊಂಡ್ ಹೋಗಿ," ಎಂದಳು ಮೇಘಶ್ರೀ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅವರಿಗೆ ಗೊತ್ತಿದೆ. ಹೇಳ್ತಿಲ್ಲ ಅಷ್ಟೆ. ಅಲ್ಲಿ ಕೂತ್ರೆ ಮಾಡ್ತಾರೆ. ನಾನೂ ಬರ್ತೀನಿ."

ಹೇಮಂತ್ ಅವಳನ್ನು ನೋಡಿದ, ಕುಮಾರಸ್ವಾಮಿಯನ್ನು ನೋಡಿದ. ಕುಮಾರಸ್ವಾಮಿ ಇನ್ನೂ ತೆರೆಯ ಮೇಲಿನ ಆ ಒಂದಕ್ಷರವನ್ನೇ ನೋಡುತ್ತಿದ್ದ.

ಮರುದಿನ ಹೇಮಂತ್ ಯಾರದೋ ಕಾರು ತಂದ. ಮೇಘಶ್ರೀ ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಗುಂಡಿ ಹಾಕಿ, ತಲೆ ಬಾಚಿದಳು. ಮೊದಲು ಆಫೀಸಿಗೆ ಹೋಗುವಾಗ ಇಟ್ಟುಕೊಳ್ಳುತ್ತಿದ್ದಂತೆ ಜೇಬಿಗೆ ಪೆನ್ನು ಸಿಗಿಸಿ, ಲ್ಯಾಪ್‌ಟಾಪಿನ ಚೀಲವನ್ನು ತಾನು ಹೆಗಲಿಗೆ ಹಾಕಿಕೊಂಡಳು. ಜಾವಗಲ್ ದಾಟುವವರೆಗೆ ಹೇಮಂತ್ ಏನೇನೋ ಹೇಳುತ್ತಾ ಬಂದ. ತಮ್ಮೂರಿನ ಸಂತೆಯಲ್ಲಿ ಕುರಿ ತರಲು ಹೋದ ಚಿಕ್ಕಪ್ಪ ಕೋಳಿ ತಂದ ಕತೆ ಹೇಳಿ ಕುಮಾರಸ್ವಾಮಿಯನ್ನು ನಗಿಸಿದ. ಮೇಘಶ್ರೀ ಹಿಂದಿನ ಸೀಟಿನಲ್ಲಿ ಕೂತು ಗಂಡನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದಳು. ಹೊಲಗಳಲ್ಲಿ ರಾಗಿ ಕೊಯ್ದು ಮುಗಿದು ಕೂಳೆ ಮಾತ್ರ ಉಳಿದಿತ್ತು.

ಹಳೇಬೀಡಿನ ಉಗ್ರಾಣ ಕೆರೆ ಏರಿಯ ಈಚೆ, ಊರ ಹೊರಗಿತ್ತು. ಕೆಳಗೆ ಮೂಟೆಗಳು, ಮೇಲೆ ಅಡಿಕೆ ದಬ್ಬೆ ಹಾಸಿದ ಉದ್ದನೆಯ ಅಟ್ಟ, ಪಕ್ಕದಲ್ಲೇ ಆಫೀಸಿನ ಕೋಣೆ. ಬಾಗಿಲಲ್ಲಿ ಕಾದಿದ್ದ ಕಾರ್ಯದರ್ಶಿ ಕರಿಬಸವಯ್ಯ ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ.

"ಬನ್ನಿ ಸ್ವಾಮ್ಯೋರೇ, ಬನ್ನಿ! ನೀವಿಲ್ದೆ ನಮ್ಮ ಕಂಪ್ಯೂಟ್ರು ಮುನಿಸ್ಕಂಡು ಕೂತೈತೆ, ತವರಿಗೆ ಹೋದ ಹೆಂಡ್ತಿ ಹಂಗೆ! ಹೇಮಂತಪ್ಪ ಎಷ್ಟು ಕರೆದ್ರೂ ಮೊಕ ತೋರ್ಸಲ್ಲ ಅಂತದೆ."

"ನನ್ನ ಮೊಕ ನೋಡಿದ್ರೆ ಇನ್ನೂ ಎರಡು ಬಾಗ್ಲು ಹಾಕ್ಕತದೆ," ಎಂದ ಹೇಮಂತ್.

ಎಲ್ಲರೂ ನಕ್ಕರು. ಕೋಣೆಯಲ್ಲಿ ಸಂಘದ ಇಬ್ಬರು ಇದ್ದರು. ಮೂಲೆಯ ಬೆಂಚಿನಲ್ಲಿ ಬೋರಯ್ಯ ಎನ್ನುವ ಮುದುಕರೊಬ್ಬರು ಟವೆಲ್ ಹೆಗಲಿಗೆ ಹಾಕಿ ಕೂತಿದ್ದರು. ಅವರ ಸರಕು ಇಳಿಸಬೇಕಿತ್ತು. ತೆರೆಯ ಮೇಲೆ ಬಾರದೆ ಇಳಿಸುವ ಹಾಗಿರಲಿಲ್ಲ. ಟ್ರಾಕ್ಟರು ಹೊರಗೆ ನಿಂತಿತ್ತು.

ಕುಮಾರಸ್ವಾಮಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅವನ ಮುಂದಿದ್ದದ್ದು ಎಲ್ಲರಿಗೂ ಕಾಣಲಿ ಎಂದು ಕರಿಬಸವಯ್ಯ ಗೋಡೆಯ ಟಿವಿಗೂ ಅದನ್ನು ಜೋಡಿಸಿಬಿಟ್ಟರು. ಹೇಮಂತ್ ಬೇಡ ಎನ್ನುವಷ್ಟರಲ್ಲಿ ಟಿವಿ ಬೆಳಗಿತು. ಮೇಘಶ್ರೀ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು.

"ಅಣ್ಣ, ಇದೇ ನೋಡು ಜಾಗ," ಎಂದು ಹೇಮಂತ್ ಅಟ್ಟದ ಕೋಡ್ ತೆಗೆದು, ನಡುವೆ ಖಾಲಿ ಜಾಗ ಮಾಡಿಕೊಟ್ಟ. "ಏನು ಸೇರಿಸ್ಬೇಕೋ ಸೇರ್ಸು. ನಿಧಾನಕ್ಕೆ."

ಕುಮಾರಸ್ವಾಮಿ ಕೀಬೋರ್ಡನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡ. ಬಲಗೈ ತೊಡೆಯ ಮೇಲಿತ್ತು. ಎಡಗೈ ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಇಳಿಸಿದ. ಬೆರಳುಗಳು ಓಡತೊಡಗಿದವು.

ಮೇಘಶ್ರೀ ಕಿವಿಗೊಟ್ಟಳು. ಆ ಸದ್ದು! ಮದುವೆಯಾದಾಗಿನಿಂದ ಪಕ್ಕದ ಕೋಣೆಯಿಂದ ಕೇಳುತ್ತಿದ್ದ ಸದ್ದು, ಈಗ ಒಂದೇ ಕೈಯದಾದರೂ ತಡವರಿಕೆ ಇಲ್ಲ, ನಿಲ್ಲುವುದಿಲ್ಲ, ಹುಡುಕುವುದಿಲ್ಲ. ಗೋಡೆಯ ಮೇಲೆ ಇಂಗ್ಲಿಷ್ ಸಾಲು ಒಂದರ ಕೆಳಗೊಂದು ಮೂಡುತ್ತಿದ್ದವು. ಕರಿಬಸವಯ್ಯ ಪಕ್ಕದವರ ಮೊಣಕೈ ತಿವಿದು, "ನಾನೇಳಿಲ್ವಾ?" ಎಂದರು. ಅವಳ ಕಣ್ಣಲ್ಲಿ ನೀರು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಹೇಮಂತನ ಮುಖದಲ್ಲೂ ಅದೇ ಸಂತೋಷ ನೋಡಬೇಕೆಂದು ಅವನ ಕಡೆ ತಿರುಗಿದಳು.

ಹೇಮಂತ್ ಟಿವಿ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದ.

ಅವಳು ಮತ್ತೆ ಗೋಡೆಯತ್ತ ನೋಡಿದಳು. ಇಂಗ್ಲಿಷ್ ಅವಳಿಗೆ ಅಷ್ಟಾಗಿ ಬರುವುದಿಲ್ಲ. ಆದರೆ ಸಾಲುಗಳೆಲ್ಲ ಒಂದೇ ಉದ್ದ ಇದ್ದವು. ಮೊದಲ ಅಕ್ಷರ ಒಂದೇ, ಕೊನೆಯ ಅಕ್ಷರ ಒಂದೇ. ಒಂದೇ ಸಾಲು. ಹೇಮಂತನಿಗೆ ಅದು ಗೊತ್ತಿತ್ತು, ಜಾವಾದಲ್ಲಿ ಪ್ರತಿ ಫೈಲಿನ ಮೊದಲಿಗೆ ಬರೆಯುವ ಸಾಲು, ಪಬ್ಲಿಕ್ ಕ್ಲಾಸ್ ಎಂದು ಶುರುವಾಗಿ, ಹೆಸರು ಬರಬೇಕಾದ ಕಡೆ ಏನೂ ಇಲ್ಲದೆ ಮುಗಿಯುವ ಸಾಲು. ಅದನ್ನೇ ಅವನು ಬರೆಯುತ್ತಿದ್ದ, ಮತ್ತೆ ಬರೆಯುತ್ತಿದ್ದ, ಒಂದರಿಂದ ನೂರು ಎಣಿಸುವ ಹಾಗೆ, ಮಂತ್ರ ಹೇಳುವ ಹಾಗೆ.

"ಸಾಕಣ್ಣ," ಎಂದ ಹೇಮಂತ್.

ಕೈ ನಿಲ್ಲಲಿಲ್ಲ.

"ಅಣ್ಣ, ಸಾಕು." ಹೇಮಂತ್ ಅವನ ಎಡಗೈಯ ಮೇಲೆ ತನ್ನ ಕೈ ಇಟ್ಟ.

ಕುಮಾರಸ್ವಾಮಿ ತಲೆ ಎತ್ತಿ ಗೋಡೆ ನೋಡಿದ. ಅವನಿಗೆ ಓದಲು ಬರುತ್ತಿತ್ತು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿದ. ಮೇಘಶ್ರೀಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿತು. ಆಮೇಲೆ ಅವನು ಹೇಮಂತನ ಕೈ ಸರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದ. ಸಾಲುಗಳು ಕೆಳಗಿನಿಂದ ಒಂದೊಂದಾಗಿ ಹೋದವು. ಎಲ್ಲ ಹೋಗಿ ಜಾಗ ಖಾಲಿಯಾಗುವವರೆಗೂ ಬೆರಳು ಎತ್ತಲಿಲ್ಲ.

"ರಿಪೇರಿ ಮಾಡೋನಿಗೇ ರಿಪೇರಿ ಆಗ್ಬೇಕಾಗೈತಲ್ಲಪ್ಪಾ," ಎಂದರು ಬೋರಯ್ಯ, ಯಾರಿಗೆ ಎಂದಿಲ್ಲದೆ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಕೋಣೆಯಲ್ಲಿ ಅದು ಹಾಗೇ ನಿಂತುಬಿಟ್ಟಿತು.

"ನೀನು ಸುಮ್ಕಿರಜ್ಜ!" ಎಂದು ಗದರಿ ಕರಿಬಸವಯ್ಯ ಎದ್ದರು. ಅವರಿಗೆ ಏನಾದರೂ ಮಾಡಿ ಆ ಹೊತ್ತನ್ನು ದಾಟಿಸಬೇಕಿತ್ತು. ಹೊರಗೆ ಹೋಗಿ, ಬೆಳಗ್ಗೆ ಮಾದರಿಗೆಂದು ಅಟ್ಟದಿಂದ ಇಳಿಸಿಟ್ಟಿದ್ದ ರಾಶಿಯಿಂದ ಒಂದನ್ನು ತಂದು ಕುಮಾರಸ್ವಾಮಿಯ ಕೈಗಿಟ್ಟರು. "ಅದು ಬುಡಿ ಸ್ವಾಮ್ಯೋರೇ. ಕಂಪ್ಯೂಟ್ರು ಹಾಳಾಗೋಗ್ಲಿ. ಇದು ನೋಡಿ ಹೇಳಿ, ಆಗೈತೋ ಇಲ್ವೋ?"

ಕುಮಾರಸ್ವಾಮಿ ಅದನ್ನು ಎಡಗಿವಿಯ ಹತ್ತಿರ ಹಿಡಿದು ಕುಲುಕಿದ. ಕಣ್ಣು ಮುಚ್ಚಿ ಕೇಳಿದ. ಮತ್ತೆ ಕುಲುಕಿದ. ಆಮೇಲೆ ಇನ್ನೂ ಸ್ವಲ್ಪ ನೀರಿದೆ ಎನ್ನುವಂತೆ ಕೈ ಅಲ್ಲಾಡಿಸಿ ವಾಪಸು ಚಾಚಿದ.

"ಸರಿಯಾಗ್ ಹೇಳುದ್ರು ಕಣ್ರೋ! ನಾನೂ ಹಂಗೇ ಅಂದ್ಕಂಡಿದ್ದೆ!" ಕರಿಬಸವಯ್ಯ ಚಪ್ಪಾಳೆ ತಟ್ಟಿದರು.

ಆಗ ಮೇಘಶ್ರೀ ಗೋಡೆ ಬಿಟ್ಟು ಮುಂದೆ ಬಂದಳು. ಅಷ್ಟು ಗಂಡಸರ ನಡುವೆ ಅವಳು ಯಾವತ್ತೂ ಹಾಗೆ ಬಂದು ನಿಂತವಳಲ್ಲ. ಗಂಡನ ಪಕ್ಕ ಮೊಣಕಾಲೂರಿ ಕೂತು, ಅವನ ಕೈಯಲ್ಲಿದ್ದದ್ದನ್ನು ಅವನ ಕೈಯೊಂದಿಗೇ ಹಿಡಿದಳು.

"ರೀ, ಇದು ಅಟ್ಟದಿಂದ ಇಳಿದಿದೆ. ಕೆಳಗೆ ಬಂದಿದೆ. ಈಗ ಹೇಳಬಹುದು. ದೋಷ ಇಲ್ಲ. ಹೇಳಿ, ಇದೇನು?"

ಅವನು ಅವಳನ್ನು ನೋಡಿದ. ಅವಳು ಏನು ನಂಬಿಕೊಂಡು ಅವನನ್ನು ಇಲ್ಲಿಗೆ ಕರೆತಂದಿದ್ದಳೆಂಬುದು ಅವನಿಗೆ ಆಗ ತಿಳಿಯಿತೆಂದು ಅವಳಿಗೆ ಅವನ ಕಣ್ಣಿನಲ್ಲೇ ಗೊತ್ತಾಯಿತು. ಅವನ ಬಾಯಿ ತೆರೆಯಿತು. ನಾಲಿಗೆ ಅತ್ತ ಹೋಯಿತು, ಇತ್ತ ಬಂತು. ಕತ್ತಿನ ನರ ಎದ್ದು ನಿಂತಿತು. ಹಣೆಯಲ್ಲಿ ಬೆವರು ಒಡೆಯಿತು.

"ಅದು," ಎಂದ.

ಹೊರಗೆ ಟ್ರಾಕ್ಟರಿನವನು ಬೀಡಿ ಸೇದುತ್ತಾ ಯಾರೊಂದಿಗೋ ಜಗಳವಾಡುತ್ತಿದ್ದ. ಮೇಘಶ್ರೀ ಕೈ ಬಿಟ್ಟಳು. ಮೆಲ್ಲಗೆ ಎದ್ದು, ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಮನೆಯಲ್ಲೇ ಬಿಟ್ಟಿದ್ದರೆ ಕೈಗೂ ಕೆಲಸ ಮರೆತಿದೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದರೂ ಇಷ್ಟು ಜನದ ಮುಂದೆ ಗೊತ್ತಾಗುತ್ತಿರಲಿಲ್ಲ. ಹೇಮಂತ್ ಬೇಡವೆಂದಿದ್ದ. ಕರೆತಂದವಳು ಅವಳು.

ಕರಿಬಸವಯ್ಯ ಎಲ್ಲರಿಗೂ ಟೀ ತರಿಸಿದರು. ಬೋರಯ್ಯ ತಮ್ಮ ಲೋಟವನ್ನು ಮುಟ್ಟದೆ ಕುಮಾರಸ್ವಾಮಿಗೆ ಮೊದಲು ಕೊಡಿ ಎಂದರು.

ಹೇಮಂತ್ ಬೇಲೂರಿಗೆ ಹೋಗಬೇಕಿತ್ತು. ಅಲ್ಲಿ ಭತ್ತ ಮತ್ತು ಮೆಣಸಿನವರು ಬೆಳಗ್ಗಿನಿಂದ ಫೋನ್ ಮಾಡುತ್ತಿದ್ದರು. ಅರಸೀಕೆರೆ ಬಸ್ಸಿಗೆ ಹತ್ತಿಸುತ್ತೇನೆ ಎಂದು ಇಬ್ಬರನ್ನೂ ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಕರೆತಂದ. ದೇವಸ್ಥಾನ ನೋಡಿ ಬಂದ ಸ್ಕೂಲು ಮಕ್ಕಳು ಸಾಲಾಗಿ ನಿಂತು ಸೌತೆಕಾಯಿ ತಿನ್ನುತ್ತಿದ್ದವು. ಬಸ್ಸು ಆಗಲೇ ನಿಂತಿತ್ತು, ಡ್ರೈವರ್ ಇನ್ನೂ ಬಂದಿರಲಿಲ್ಲ. ಹೇಮಂತ್ ಕುಮಾರಸ್ವಾಮಿಯ ತೋಳು ಹಿಡಿದು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ತಾನು ಕೆಳಗಿಳಿದು ಬಾಗಿಲ ಬಳಿ ನಿಂತ. ಮೇಘಶ್ರೀ ಹತ್ತಲು ಒಂದು ಕಾಲಿಟ್ಟವಳು ನಿಂತಳು.

"ಈಗೇನ್ ಮಾಡ್ತೀರಿ ಹೇಮಂತ್?"

"ಒಡೀತೀನಿ ಅತ್ತಿಗೆ. ಕಾಯಿಗೊಂದು, ರಾಗಿಗೊಂದು, ಭತ್ತಕ್ಕೊಂದು. ಎಲ್ಲಕ್ಕೂ ಬೇರೆ ಬೇರೆ ಹೆಸರಿಟ್ಟು ಬೇರೆ ಬೇರೆ ಬರೀತೀನಿ. ಚೆಂದ ಇರಲ್ಲ. ಇನ್ನು ಮೇಲೆ ಒಂದು ಬದಲಾಯಿಸಿದ್ರೆ ಎಲ್ಲದ್ರಲ್ಲೂ ಬದಲಾಯಿಸ್ಬೇಕು. ಆದ್ರೆ ನಡೀತದೆ. ಬೋರಯ್ಯನೋರ ಟ್ರಾಕ್ಟ್ರು ನಾಳೆ ಹೊತ್ಗೆ ಹೋಗ್ಬೋದು."

"ಇವರು ಬರೆದಿದ್ದು?"

"ತೆಗೀಬೇಕಾಗತ್ತೆ."

"ತೆಗೆದ್ರೆ ಮತ್ತೆ ಸಿಗಲ್ವಾ?"

"ಹಳೇದೆಲ್ಲ ಇದ್ದೇ ಇರ್ತದೆ ಅತ್ತಿಗೆ, ಕಂಪ್ಯೂಟ್ರಲ್ಲಿ ಯಾವುದೂ ಹೋಗಲ್ಲ." ಹೇಮಂತ್ ಬಸ್ಸಿನ ಬಾಗಿಲ ಕಂಬಿ ಹಿಡಿದ. "ಯಾರೂ ತೆಗೆದು ನೋಡಲ್ಲ, ಅಷ್ಟೆ."

ಲ್ಯಾಪ್‌ಟಾಪಿನ ಚೀಲ ಅವಳ ಹೆಗಲಲ್ಲಿತ್ತು. ಹೇಮಂತ್ ಅದನ್ನು ಕೇಳಲಿಲ್ಲ, ಆದರೆ ಅವನ ಕಣ್ಣು ಎರಡು ಸಲ ಅದರ ಮೇಲೆ ಹೋಗಿ ಬಂತು. ಅವಳು ಚೀಲ ಇಳಿಸಿ ಕೊಟ್ಟಳು. "ಬೇಲೂರಲ್ಲಿ ಬೇಕಾಗಬಹುದು," ಎಂದಳು.

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. "ಸೋಮವಾರದಿಂದ ಒಬ್ಬ ಬತ್ತಾನೆ ಅತ್ತಿಗೆ. ರಾಹುಲ್ ಅಂತ. ಹಾಸನದೋನು. ಸಂಘದೋರೇ ಹೇಳಿ ಕಳ್ಸಿರೋದು. ನಾನು ಒಬ್ನೇ ಆಗಲ್ಲ..."

ಮೇಘಶ್ರೀ ಬಸ್ಸು ಹತ್ತಿ ಗಂಡನ ಪಕ್ಕ ಕೂತಳು. ಅವನು ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದ. ಹೇಮಂತ್ ಹೋಗಿರಲಿಲ್ಲ, ಕಿಟಕಿಯ ಕೆಳಗೆ ಬಂದು, ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಎಂಜಿನ್ ಶುರುವಾಗಿರಲಿಲ್ಲ. ಸೌತೆಕಾಯಿ ಮಾರುವವಳು ಕೂಡ ಆಚೆ ಕಡೆ ಹೋಗಿದ್ದಳು. ಮೆಲ್ಲಗೆ ಆಡಿದರೂ ಕೇಳುವಷ್ಟು ಹತ್ತಿರದಲ್ಲಿದ್ದರು ಮೂವರೂ.

ಅವಳು ಗಂಡನ ಎದೆಯ ಮುಂದಿನಿಂದ ಬಾಗಿ, ಕಂಬಿಯ ಸಂದಿನಲ್ಲಿ ಮುಖವಿಟ್ಟಳು.

"ಹೇಮಂತ್, ಇವರ ಕುರ್ಚಿ ಅಲ್ಲೇ ಇರ್ಲಿ."

ಹೇಮಂತ್ ಚೀಲದ ಜಿಪ್ಪನ್ನು ಅರ್ಧ ಎಳೆದು, ಮತ್ತೆ ಮುಚ್ಚಿದ. ಕುಮಾರಸ್ವಾಮಿ ಅವನನ್ನೇ ನೋಡುತ್ತಿದ್ದ. ಡ್ರೈವರ್ ಹತ್ತಿ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಯಾರೂ ಕೂರದಿದ್ರೂ ಪರವಾಗಿಲ್ಲ. ಕಿಟಕಿ ಹತ್ರ, ಅಲ್ಲೇ ಇರ್ಲಿ ಹೇಮಂತ್."